ಗಾಡಿಗೆ ಹೊಸ ಅಂಗಿ

ಅಕ್ಕಂದಿರೇ,

ನಾಳೆ ಪೇಟೆಗೆ ಹೋದಾಗ ಒಂದು ಕೆಲಸ ಮಾಡಿ. ಭಟ್ಕಳ ಇರಲಿ, ಹೊನ್ನಾವರ ಇರಲಿ, ಕುಮಟಾ ಇರಲಿ, ಬಸ್ ಸ್ಟ್ಯಾಂಡಿನ ಹತ್ತಿರ ಆಟೋಗಳು ಸಾಲಾಗಿ ನಿಂತಿರುತ್ತವೆ. ಒಂದು ಆಟೋದ ಹಿಂದೆ ನಿಂತು ಓದಿ. ನಿಧಾನವಾಗಿ ಓದಿ. ಯಾರೂ ನಗುವುದಿಲ್ಲ. ನಕ್ಕರೆ ನಗಲಿ.

ಏನು ಬರೆದಿದೆ? ಇಡಗುಂಜಿ ಗಣಪತಿಯ ಹೆಸರು ಇರಬಹುದು. ಮಗಳ ಹೆಸರು ಇರಬಹುದು. ‘ತಾಯಿಯ ಆಶೀರ್ವಾದ’ ಎಂದಿರಬಹುದು. ನಂಬರ್ ಪ್ಲೇಟಿನ ಮೇಲೆ ಇಂಗ್ಲಿಷಿನಲ್ಲಿ ಕೆಎ 47 ಎಂದು ಇರುತ್ತದೆ. ಅದು ಹೊನ್ನಾವರದ ಆರ್.ಟಿ.ಓ. ಕಚೇರಿಯ ಸಂಖ್ಯೆ.

ಈ ಅಕ್ಷರಗಳನ್ನು ಅಲ್ಲಿ ಹಾಕಿದವರು ಯಾರು? ಮೊದಲು ಪೇಂಟರು ಇದ್ದರು. ಕುಂಚ ಹಿಡಿದು ಬಣ್ಣದಲ್ಲಿ ಬರೆಯುತ್ತಿದ್ದರು. ಈಗ ಹೆಚ್ಚಿನ ಗಾಡಿಗಳ ಮೇಲೆ ಇರುವುದು ಸ್ಟಿಕ್ಕರ್. ಅದನ್ನು ಮಾಡುವ ಅಂಗಡಿಗೆ ನಾವೆಲ್ಲ ‘ರೇಡಿಯಂ ಅಂಗಡಿ’ ಎನ್ನುತ್ತೇವೆ.

ಹಾಗೆ ನೋಡಿದರೆ ಆ ಸ್ಟಿಕ್ಕರಿನಲ್ಲಿ ರೇಡಿಯಂ ಇಲ್ಲವೇ ಇಲ್ಲ. ರೇಡಿಯಂ ಒಂದು ಲೋಹ. ಅದನ್ನು 1898ರಲ್ಲಿ ಮೇರಿ ಕ್ಯೂರಿ ಎಂಬ ಹೆಂಗಸು ಮತ್ತು ಅವರ ಗಂಡ ಪಿಯರಿ ಕ್ಯೂರಿ ಕಂಡುಹಿಡಿದರು. ಹಿಂದೆ ಗಡಿಯಾರದ ಮುಳ್ಳು ಕತ್ತಲೆಯಲ್ಲಿ ಹೊಳೆಯಲಿ ಎಂದು ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಅದು ಮೈಗೆ ಕೆಟ್ಟದ್ದು, ಆದ್ದರಿಂದ ಆ ಬಣ್ಣ ನಿಂತುಹೋಯಿತು. ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿಯಿತು. ಗಾಡಿಯ ಹೊಳೆಯುವ ಸ್ಟಿಕ್ಕರಿನಲ್ಲಿ ಇರುವುದು ಸಣ್ಣ ಸಣ್ಣ ಗಾಜಿನ ಮಣಿ. ಎದುರಿನಿಂದ ಬಂದ ಬೆಳಕನ್ನು ಅವು ತಿರುಗಿಸಿ ಕಳಿಸುತ್ತವೆ, ಅಷ್ಟೇ.

ಇನ್ನು ನಮ್ಮ ಕತೆಗೆ ಬರೋಣ.

ನಮ್ಮ ಕೇಂದ್ರಕ್ಕೆ ಬರುತ್ತಿದ್ದ ಒಬ್ಬ ಅಕ್ಕ ಇದ್ದಾರೆ. ಭಟ್ಕಳದ ಹತ್ತಿರದ ಹಳ್ಳಿ. ಹೆಸರು ಹಾಕುವುದು ಬೇಡ ಅಂದಿದ್ದಾರೆ. ಮಲ್ಲಿಗೆ ಕಟ್ಟಿ ಮಾರುವವರು, ಹಾಗಾಗಿ ಮಲ್ಲಿಗೆಯಕ್ಕ ಎನ್ನೋಣ. ಭಟ್ಕಳದ ಮಲ್ಲಿಗೆ ಗೊತ್ತಲ್ಲ? ಮೊಗ್ಗು ನಲುಗಬಾರದು, ದಾರ ಬಿಗಿಯಬೇಕು. ಅವರ ಬೆರಳು ಅಂಥ ಬೆರಳು. ಗಂಡ ಆಟೋ ಹೊಡೆಯುತ್ತಾರೆ.

ಒಂದು ದಿನ ಪಾಠ ಮುಗಿದ ಮೇಲೆ ಅವರು ಸೆರಗಿನೊಳಗಿಂದ ಒಂದು ಕಾಗದ ತೆಗೆದರು.

"ಅಕ್ಕೋರೇ, ಇದನ್ನೊಂಚೂರು ನೋಡಿ."

"ಎಂತದು ಅಕ್ಕಾ?"

"ಗಾಡಿಗೆ ಸ್ಟಿಕ್ಕರ್ ಸುತ್ತುವ ಬಿಸ್ನೆಸ್ಸಂತೆ. ಎರಡು ಲಕ್ಷ ಕೊಡಬೇಕಂತೆ. ಮಿಷನ್ನು ಅವರೇ ಕೊಡ್ತಾರಂತೆ, ಕಲಿಸ್ತಾರಂತೆ, ಗಿರಾಕೀನೂ ಅವರೇ ತರ್ತಾರಂತೆ. ನಾಳೆ ನನ್ನ ಎರಡು ಬಳೆ ಅಡವಿಡುವಾ ಅಂತ ಮಾಡಿದ್ದೆ. ಮುಂಗಡ ಕೊಡೂಕೆ."

ನಾನು ಕಾಗದ ಓದಿ ಹೇಳಬಹುದಿತ್ತು. ಹೇಳಲಿಲ್ಲ. "ನೀವೇ ಓದಿ" ಎಂದೆ. ಒಂದು ಬದಿ ಇಂಗ್ಲಿಷು, ಇನ್ನೊಂದು ಬದಿ ಕನ್ನಡ. ಅವರು ಬೆರಳಿಟ್ಟು ಓದುತ್ತಾ ಹೋದರು. ಮೇಲೆ ದೊಡ್ಡ ಅಕ್ಷರ, ಕೆಳಗೆ ಬಂದ ಹಾಗೆ ಸಣ್ಣ ಅಕ್ಷರ. ಕೊನೆಯ ಸಾಲಿನಲ್ಲಿ ಅವರ ಬೆರಳು ನಿಂತಿತು. ಹಿಂ-ತಿ-ರು-ಗಿ-ಸ-ಲಾ-ಗು-ವು-ದಿ-ಲ್ಲ. ಹತ್ತು ಅಕ್ಷರ. ಎರಡು ಸಲ ಓದಿದರು. ‘ಮುಂಗಡ ಹಣವನ್ನು ಯಾವುದೇ ಕಾರಣಕ್ಕೂ ಹಿಂತಿರುಗಿಸಲಾಗುವುದಿಲ್ಲ.’

"ಇದನ್ನು ಅವ ಬಾಯಲ್ಲಿ ಹೇಳಲೇ ಇಲ್ಲ ಅಕ್ಕೋರೇ" ಎಂದರು.

ಬಳೆ ಕೈಯಲ್ಲೇ ಉಳಿಯಿತು. ಆದರೆ ಕೆಲಸದ ಆಸೆ ಬಿಡಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ. ಕೆಲಸ ಒಳ್ಳೆಯದೇ. ಅದನ್ನು ಶುರು ಮಾಡುವ ದಾರಿ ಬೇರೆ ಇದೆ.

ಈ ಕೆಲಸ ಯಾವುದು?

ವಿನೈಲ್ ಎಂಬ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಇದೆ. ಅದಕ್ಕೆ ಮೂರು ಪದರ. ಮೇಲೆ ಬಣ್ಣದ ಹಾಳೆ, ನಡುವೆ ಅಂಟು, ಕೆಳಗೆ ಕಾಗದ. ಕಾಗದ ಸುಲಿದು ಗಾಡಿಯ ಮೈಗೆ ಅಂಟಿಸುತ್ತಾರೆ. ಬರೀ ಅಕ್ಷರ ಅಂಟಿಸಿದರೆ ಸ್ಟಿಕ್ಕರ್. ಗಾಡಿಯ ಇಡೀ ಮೈಗೆ ಹಾಳೆ ಹೊದಿಸಿದರೆ ಅದು ರ‍್ಯಾಪಿಂಗ್. ಗಾಡಿಗೆ ಹೊಸ ಅಂಗಿ ತೊಡಿಸಿದ ಹಾಗೆ. ಬಣ್ಣ ಹೊಡೆದರೆ ಹೊಡೆದದ್ದೇ. ಅಂಗಿಯಾದರೆ ಬೇಡವಾದಾಗ ಬಿಚ್ಚಬಹುದು. ಜರ್ಮನಿ ದೇಶದಲ್ಲಿ ಬಹಳ ಟ್ಯಾಕ್ಸಿಗಳು ಕೆನೆಬಣ್ಣದವು. ಅಲ್ಲಿ ಅನೇಕ ಮಾಲಕರು ಬೇರೆ ಬಣ್ಣದ ಕಾರು ಕೊಂಡು ಅದಕ್ಕೆ ಕೆನೆಬಣ್ಣದ ಹಾಳೆ ಹೊದಿಸುತ್ತಾರೆ. ಕೆಲವು ವರ್ಷ ಓಡಿಸಿ, ಹಾಳೆ ಕಿತ್ತು, ಕಾರು ಮಾರುತ್ತಾರೆ.

ನಮ್ಮ ಕಡೆ ಯಾವ ಗಾಡಿಗೆ ಕೆಲಸ ಸಿಗುತ್ತದೆ? ಆಟೋ, ಟೆಂಪೋ, ಮೀನಿನ ಲಾರಿ, ಅಡುಗೆ ಕಂಟ್ರಾಕ್ಟರರ ವ್ಯಾನು, ಶಾಲೆಯ ಬಸ್ಸು. ಗೋಕರ್ಣ, ಮುರ್ಡೇಶ್ವರದ ಕಡೆ ಪ್ರವಾಸಿಗಳ ಟ್ಯಾಕ್ಸಿ, ಬಾಡಿಗೆ ಸ್ಕೂಟರು. ಮೂರು ಪೇಟೆಗಳೂ ಒಂದೇ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಇವೆ. ಗಾಡಿಗೆ ಬರವಿಲ್ಲ. ಆಯುಧ ಪೂಜೆಯ ಮುಂಚೆ ಎಲ್ಲರಿಗೂ ಗಾಡಿ ಚಂದ ಕಾಣಬೇಕು. ಮಳೆಗಾಲದಲ್ಲಿ ಮಾತ್ರ ಕೈ ಖಾಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿನ ಲಾರಿಯವರ ಕೈಯಲ್ಲೂ ಆಗ ಕಾಸು ಇರುವುದಿಲ್ಲ.

ಮಲ್ಲಿಗೆಯಕ್ಕ ಕಲಿತದ್ದು ಹೇಗೆ?

ಪೇಟೆಯ ಒಂದು ರೇಡಿಯಂ ಅಂಗಡಿಗೆ ದಿನಾ ಮಧ್ಯಾಹ್ನ ಹೋಗತೊಡಗಿದರು. ಮೊದಲ ವಾರ ಕಸ ಗುಡಿಸಿದರು. ಎರಡನೇ ವಾರ ‘ಬಿಡಿಸುವ’ ಕೆಲಸ ಸಿಕ್ಕಿತು. ಇದೇನು ಅಂತ ಹೇಳ್ತೇನೆ.

ಕಂಪ್ಯೂಟರಿನಲ್ಲಿ ಹೆಸರು ಬರೆಯುತ್ತಾರೆ. ಪ್ಲಾಟರ್ ಎಂಬ ಯಂತ್ರ ಆ ಅಕ್ಷರದ ಅಂಚಿಗೆ ಸರಿಯಾಗಿ ಹಾಳೆಯನ್ನು ಸಣ್ಣ ಬ್ಲೇಡಿನಿಂದ ಕೊರೆಯುತ್ತದೆ. ಕೆಳಗಿನ ಕಾಗದ ಕತ್ತರಿಸುವುದಿಲ್ಲ, ಮೇಲಿನ ಹಾಳೆ ಮಾತ್ರ. ಆಮೇಲೆ ಅಕ್ಷರ ಉಳಿಸಿಕೊಂಡು ಸುತ್ತಲಿನ ಬೇಡದ ಹಾಳೆಯನ್ನು ಕೈಯಿಂದ ಬಿಡಿಸಬೇಕು. ಇಂಗ್ಲಿಷ್ ಅಕ್ಷರವಾದರೆ ಸುಲಭ. ಕನ್ನಡದಲ್ಲಿ ಒತ್ತಕ್ಷರ ಇದೆ, ದೀರ್ಘ ಇದೆ, ಸೊನ್ನೆ ಇದೆ. ‘ಶ್ರೀ’ ಅಕ್ಷರದ ಕೆಳಗಿನ ಒತ್ತು ಗೊತ್ತಿಲ್ಲದವರ ಕೈಯಲ್ಲಿ ಬೇಡದ ಹಾಳೆಯ ಜೊತೆ ಕಿತ್ತುಬರುತ್ತದೆ. ಮಲ್ಲಿಗೆಯಕ್ಕನ ಕೈಯಲ್ಲಿ ಬರಲಿಲ್ಲ. ಮೊಗ್ಗು ಹಿಡಿದ ಕೈ. ಅದರ ಮೇಲೆ, ಯಾವುದು ಅಕ್ಷರ ಯಾವುದು ಅಲ್ಲ ಎಂದು ಕಣ್ಣಿಗೆ ಗೊತ್ತು. ಅಂಗಡಿಯ ಹುಡುಗರೇ "ಅಕ್ಕಾ, ಕನ್ನಡದ್ದು ನಿಮಗೇ" ಎಂದು ಬಿಟ್ಟರು.

ಬಿಡಿಸಿದ ಮೇಲೆ ಅಕ್ಷರಗಳ ಮೇಲೆ ಅಗಲದ ಟೇಪು ಅಂಟಿಸಿ, ಸಾಲು ಕೆಡದ ಹಾಗೆ ಎತ್ತಿ, ಗಾಡಿಯ ಮೇಲೆ ಇಟ್ಟು, ಗಟ್ಟಿ ಪ್ಲಾಸ್ಟಿಕ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ಒತ್ತಬೇಕು. ಅಂಚಿನಿಂದ ನಡುವಿಗೆ ಒತ್ತಿದರೆ ಗಾಳಿ ಒಳಗೇ ಸಿಕ್ಕಿ ಗುಳ್ಳೆ ಏಳುತ್ತದೆ.

ಕಾಗುಣಿತದ ಮಾತು ಇಲ್ಲಿ ಹೇಳಲೇಬೇಕು. ಕೆಲವು ಅಂಗಡಿಗಳಲ್ಲಿ ಕನ್ನಡ ಅಕ್ಷರ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋದಾಗ ಒತ್ತು ಒಡೆದುಹೋಗುತ್ತದೆ, ಒಂದರ ಬದಲು ಇನ್ನೊಂದು ಗುರುತು ಬರುತ್ತದೆ. ಕೊರೆಯುವ ಮುಂಚೆ ಯಾರಾದರೂ ಓದಿ ನೋಡಬೇಕು. ‘ಪ್ರಸನ್ನ’ ಹೋಗಿ ‘ಪ್ರಸನ’ ಆದರೆ ಗಿರಾಕಿ ದುಡ್ಡು ಕೊಡುವುದಿಲ್ಲ, ಹಾಳೆ ಕಸಕ್ಕೆ. ಬರೆದು ಕೊಡಿ ಎಂದು ಗಿರಾಕಿಯ ಕೈಯಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು. ಭಟ್ಕಳದಲ್ಲಿ ಉರ್ದು, ಅರಬ್ಬಿ ಅಕ್ಷರದ ಕೆಲಸವೂ ಬರುತ್ತದೆ. ಅದು ಬಲದಿಂದ ಎಡಕ್ಕೆ ಓದುವ ಬರವಣಿಗೆ. ನನಗೆ ಬರುವುದಿಲ್ಲ. ಮಲ್ಲಿಗೆಯಕ್ಕ ಒಂದು ಸಲ ತಂದು ತೋರಿಸಿದಾಗ, ಮೇಲು ಯಾವುದು ಕೆಳಗು ಯಾವುದು ಎಂದು ಗೊತ್ತಾಗದೆ ಸುಮ್ಮನೆ ಕೂತೆ. ಓದು ಬಾರದವರ ಕಷ್ಟ ಏನು ಅಂತ ಆ ದಿನ ಇನ್ನಷ್ಟು ತಿಳಿಯಿತು. ಅವರ ಪಕ್ಕದ ಮನೆಯ ಕಾಲೇಜಿನ ಹುಡುಗಿ ಓದಿ ಸರಿ ಇದೆ ಎಂದಳು. ಆಮೇಲೇ ಕೊರೆಸಿದರು.

ನನ್ನ ಸ್ಕೂಟರಿನ ಕತೆ

ಮೂರು ತಿಂಗಳಾದ ಮೇಲೆ ಅವರಿಗೆ ಇಡೀ ಹಾಳೆ ಹೊದಿಸಿ ನೋಡುವ ಆಸೆ ಬಂತು. ಯಾರ ಗಾಡಿ ಸಿಗುತ್ತದೆ? ನನ್ನದು ಸಿಕ್ಕಿತು. ಹಳೇ ಸ್ಕೂಟರು. ಅಂಗಡಿಯಲ್ಲಿ ಉಳಿದಿದ್ದ ಅಗ್ಗದ ಹಾಳೆ ತಂದು ಮುಂಭಾಗಕ್ಕೆ ಹೊದಿಸಿದರು. ಎರಡು ದಿನ ನಮ್ಮ ಶಾಲೆಯ ಮಕ್ಕಳು ಸುತ್ತ ನಿಂತು ನೋಡಿದರು. ಮೂರನೇ ವಾರ ಮೂಲೆಗಳೆಲ್ಲ ಎದ್ದು, ಒಣಗಿದ ಬಾಳೆಲೆಯ ಹಾಗೆ ಮಡಚಿಕೊಂಡವು.

ಯಾಕೆ ಹೀಗಾಯಿತು? ವಿನೈಲ್ ಹಾಳೆಯಲ್ಲಿ ಎರಡು ಜಾತಿ. ಒಂದನ್ನು ಚಪಾತಿ ಲಟ್ಟಿಸಿದ ಹಾಗೆ ಉರುಳೆಗಳ ನಡುವೆ ಒತ್ತಿ ಮಾಡುತ್ತಾರೆ. ಇನ್ನೊಂದನ್ನು ನೀರುದೋಸೆ ಹೊಯ್ದ ಹಾಗೆ ತೆಳ್ಳಗೆ ಹೊಯ್ದು ಒಣಗಿಸುತ್ತಾರೆ. ಲಟ್ಟಿಸಿದ ಹಾಳೆ ಎಳೆದಿಟ್ಟರೆ ಮತ್ತೆ ಮೊದಲಿನ ಅಳತೆಗೆ ಕುಗ್ಗಲು ನೋಡುತ್ತದೆ. ಸಪಾಟು ಜಾಗಕ್ಕೆ, ಅಕ್ಷರಕ್ಕೆ ಅದು ಸಾಕು, ಬೆಲೆಯೂ ಕಡಿಮೆ. ಹೊಯ್ದ ಹಾಳೆ ಉಬ್ಬು ತಗ್ಗುಗಳಿಗೆ ಒಗ್ಗುತ್ತದೆ. ಅಂಗಡಿಯಲ್ಲಿ ಇದಕ್ಕೆ ‘ಕಾಸ್ಟ್’ ಎನ್ನುತ್ತಾರೆ. ಬೆಲೆ ಹೆಚ್ಚು. ಹೊದಿಸಿದ ಮೇಲೆ ಹೀಟ್ ಗನ್ ಎಂಬ ಬಿಸಿಗಾಳಿಯ ಯಂತ್ರದಿಂದ ಅಂಚುಗಳಿಗೆ ಹೆಚ್ಚುಕಡಿಮೆ ನೀರು ಕುದಿಯುವಷ್ಟು ಬಿಸಿ ಕೊಡಬೇಕು. ಆಗ ಹಾಳೆ ತನ್ನ ಹಳೆಯ ಅಳತೆ ಮರೆತು ಅಲ್ಲೇ ನಿಲ್ಲುತ್ತದೆ. ನನ್ನ ಸ್ಕೂಟರಿಗೆ ಹಾಕಿದ್ದು ಲಟ್ಟಿಸಿದ ಹಾಳೆ. ಅಂಚಿಗೆ ಬಿಸಿಯನ್ನೂ ಕೊಟ್ಟಿರಲಿಲ್ಲ.

ಕತೆ ಅಲ್ಲಿಗೇ ಮುಗಿಯಲಿಲ್ಲ. ಹಾಳೆ ಕೀಳುವಾಗ ಅದರ ಜೊತೆ ಅಂಗೈ ಅಗಲ ಬಣ್ಣವೂ ಎದ್ದು ಬಂತು. ಹಿಂದೊಮ್ಮೆ ನಾನು ಬಿದ್ದಾಗ ಆ ಜಾಗಕ್ಕೆ ಮತ್ತೆ ಬಣ್ಣ ಹೊಡೆಸಿದ್ದೆ. ಕಂಪನಿಯಲ್ಲಿ ಬೇಯಿಸಿದ ಬಣ್ಣ ಗಟ್ಟಿ. ಊರಲ್ಲಿ ಹೊಡೆಸಿದ ಬಣ್ಣ ಅಷ್ಟು ಗಟ್ಟಿಯಾಗಿ ಹಿಡಿದಿರುವುದಿಲ್ಲ. ಮಲ್ಲಿಗೆಯಕ್ಕ ಅಳುವುದೊಂದು ಬಾಕಿ. "ನನ್ನ ಸ್ಕೂಟರಾಯ್ತಲ್ಲ, ಗಿರಾಕಿಯ ಕಾರಾಗಿದ್ದರೆ?" ಎಂದೆ. ಈಗ ಅವರು ಯಾರ ಗಾಡಿ ಬಂದರೂ ಮೊದಲು ಕೇಳುವುದು ಒಂದೇ ಮಾತು: "ಇದಕ್ಕೆ ಮತ್ತೆ ಬಣ್ಣ ಹೊಡೆಸಿದ್ದುಂಟಾ?" ಹೊಡೆಸಿದ್ದರೆ, ಕೀಳುವಾಗ ಬಣ್ಣ ಏಳಬಹುದು ಎಂದು ಪುಸ್ತಕದಲ್ಲಿ ಬರೆದು ಗಿರಾಕಿಯ ಸಹಿ ತೆಗೆದುಕೊಳ್ಳುತ್ತಾರೆ. ತುಕ್ಕು ಹಿಡಿದ ಜಾಗಕ್ಕಂತೂ ಅಂಟಿಸುವುದೇ ಇಲ್ಲ. ನಮ್ಮದು ಕಡಲ ಬದಿ. ಉಪ್ಪುಗಾಳಿಗೆ ಗಾಡಿಯ ಕೆಳಭಾಗ ಬೇಗ ತುಕ್ಕು ಹಿಡಿಯುತ್ತದೆ, ಬಗ್ಗಿ ನೋಡಬೇಕು.

ಗಾಡಿ ತೊಳೆದು ಪೂರ್ತಿ ಒಣಗಿಸಬೇಕು. ಬಾಗಿಲಿನ ಸಂದಿಯಲ್ಲಿ, ದೀಪದ ಹಿಂದೆ ನೀರು ಅಡಗಿರುತ್ತದೆ. ಮೇಣ, ಎಣ್ಣೆ ಇದ್ದರೆ ಸ್ಪಿರಿಟ್ ಹಾಕಿ ಒರೆಸಬೇಕು. ಕೆಂಪುಮಣ್ಣಿನ ಧೂಳಿನ ಒಂದು ಕಣ ಒಳಗೆ ಉಳಿದರೂ ಹಾಳೆಯ ಮೇಲೆ ಮೊಡವೆಯ ಹಾಗೆ ಕಾಣುತ್ತದೆ. ಆದ್ದರಿಂದ ಅಂಗಳದಲ್ಲಿ ಈ ಕೆಲಸ ಆಗುವುದಿಲ್ಲ. ಮುಚ್ಚಿದ ಜಾಗ ಬೇಕು.

ಲೆಕ್ಕ ಮಾಡೋಣ

ಸ್ಲೇಟು, ಬಳಪ ತೆಗೆದುಕೊಳ್ಳಿ. ಇಲ್ಲಿ ಹಾಕಿದ ಬೆಲೆಗಳು ಲೆಕ್ಕ ಕಲಿಯಲು ಮಾತ್ರ. ನಿಮ್ಮೂರಿನ ಬೆಲೆ ಕೇಳಿಕೊಂಡು ನೀವು ಬೇರೆ ಹಾಕಿ.

ಒಂದು ಆಟೋದ ಹಿಂದೆ ಹೆಸರು ಹಾಕಬೇಕು. ಹಾಳೆಗೆ 60 ರೂಪಾಯಿ. ಟೇಪಿಗೆ 20. ಯಂತ್ರ ಇರುವ ಅಂಗಡಿಯಲ್ಲಿ ಕೊರೆಸಲು 80. ಬ್ಲೇಡು, ಸ್ಪಿರಿಟ್, ಬಟ್ಟೆ 20. ಒಟ್ಟು 180. ಬಸ್ಸಿನ ಖರ್ಚು ಹಿಡಿದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಮಗೆ ಟಿಕೆಟಿನ ದುಡ್ಡಿಲ್ಲ. ಗಿರಾಕಿ ಕೊಟ್ಟದ್ದು 300. ಉಳಿದದ್ದು 120.

ಮೂರು ಆಟೋ ಮಾಡಿದರೆ 360 ಉಳಿಯಬೇಕು, ಅಲ್ದಾ? ಈಗ ಮೂರರಲ್ಲಿ ಒಂದು ಕೆಟ್ಟಿತು ಅಂತಿಟ್ಟುಕೊಳ್ಳಿ. ಅದನ್ನು ಮತ್ತೆ ಮಾಡಬೇಕು. ಖರ್ಚು ನಾಲ್ಕು ಸಲದ್ದು: 180ರಂತೆ 720. ಬಂದದ್ದು ಮೂರು ಆಟೋದ 900. ಉಳಿದದ್ದು 180 ಮಾತ್ರ. ಕೆಟ್ಟದ್ದು ಒಂದೇ ಆದರೂ ಅರ್ಧ ಲಾಭ ಹೋಯಿತು! ಮಲ್ಲಿಗೆಯಕ್ಕ ಇದನ್ನು ಬರೆದು ನೋಡಿ ಸುಮಾರು ಹೊತ್ತು ಮಾತಾಡಲಿಲ್ಲ.

ಇನ್ನು ಯಂತ್ರದ ಲೆಕ್ಕ. ಸ್ವಂತ ಯಂತ್ರ ಇದ್ದರೆ ಕೊರೆಸುವ 80 ಉಳಿಯುತ್ತದೆ. ಒಂದು ಆಟೋಕ್ಕೆ 120ರ ಬದಲು 200. ಆದರೆ ಕಂಪ್ಯೂಟರು, ಯಂತ್ರ ಎರಡಕ್ಕೂ ಸಾಲ ಮಾಡಿ ತಿಂಗಳಿಗೆ 4,500 ರೂಪಾಯಿ ಕಂತು ಬಂತು ಎಂದು ಇಟ್ಟುಕೊಳ್ಳೋಣ. 4,500ನ್ನು 200ರಿಂದ ಭಾಗಿಸಿ. 22 ಬಂದು ಅರ್ಧ ಉಳಿಯುತ್ತದೆ. ಅಂದರೆ ತಿಂಗಳಿಗೆ 23 ಆಟೋ ಮಾಡಿದರೆ ಕಂತು ಮಾತ್ರ ತೀರಿತು. ಮನೆಗೆ ಅಕ್ಕಿ ತರುವುದು 24ನೇ ಆಟೋದಿಂದ. ಕರೆಂಟಿನ ಬಿಲ್ಲು, ಬಾಡಿಗೆ ಬೇರೆ. ಜೂನ್, ಜುಲೈಯಲ್ಲಿ 23 ಆಟೋ ಎಲ್ಲಿಂದ ಬರುತ್ತದೆ?

ಅದಕ್ಕೆ ಅವರು ಯಂತ್ರ ತೆಗೆದುಕೊಳ್ಳಲಿಲ್ಲ. ಒಂದು ಪುಸ್ತಕ ಇಟ್ಟರು. ಎಷ್ಟು ಕೆಲಸ ಬಂತು, ಎಷ್ಟು ಕೆಟ್ಟಿತು, ಎಷ್ಟು ಉಳಿಯಿತು ಎಂದು ದಿನಾ ರಾತ್ರಿ ಬರೆಯುತ್ತಾರೆ. ಒಂದು ಮಳೆಗಾಲವೂ ಸೇರಿ ಪೂರ್ತಿ ಒಂದು ವರ್ಷದ ಲೆಕ್ಕ ಕೈಯಲ್ಲಿ ಬರಲಿ, ಆಮೇಲೆ ನೋಡುವಾ ಎಂಬುದು ಅವರ ಮಾತು. ನನಗೂ ಅದೇ ಸರಿ ಕಂಡಿತು.

ಒಂದು ಸಾಧಾರಣ ಕಾರಿಗೆ ಪೂರ್ತಿ ಹೊದಿಸಲು ಐದು ಅಡಿ ಅಗಲದ ಹಾಳೆ ಸುಮಾರು 15ರಿಂದ 20 ಮೀಟರ್ ಬೇಕು. ಅಷ್ಟನ್ನೂ ಕಾಸ್ಟ್ ಹಾಳೆಯಲ್ಲಿ ಮಾಡಬೇಕು. ಕೈ ಪಳಗದೆ ಆ ಕೆಲಸ ಹಿಡಿದರೆ ಹಾಳೆಯ ಜೊತೆ ಬಳೆಯೂ ಹೋದೀತು. ಬಾನೆಟ್ಟು, ಮಾಡು, ಬಾಗಿಲಿನ ಪಟ್ಟಿ ಹೀಗೆ ಒಂದೊಂದೇ ಭಾಗ ಮಾಡಿ ಕಲಿಯುವುದು ವಾಸಿ. ಮಲ್ಲಿಗೆಯಕ್ಕ ಈಗ ಬಾನೆಟ್ಟಿನವರೆಗೆ ಬಂದಿದ್ದಾರೆ.

ಸಾಲ ಬೇಕೇ ಬೇಕು ಎಂದಾದರೆ ಬಳೆಗಿಂತ ಮೊದಲು ಬ್ಯಾಂಕಿಗೆ ಹೋಗಿ. 2015ರ ಏಪ್ರಿಲ್ 8ರಂದು ಶುರುವಾದ ಮುದ್ರಾ ಯೋಜನೆಯಲ್ಲಿ 50,000 ರೂಪಾಯಿವರೆಗಿನ ಸಾಲಕ್ಕೆ ‘ಶಿಶು’ ಎಂದು ಹೆಸರು. ಅಡವು ಕೇಳುವಂತಿಲ್ಲ. ನಿಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಕೇಳಿ ನೋಡಿ. ಉಜಿರೆಯಲ್ಲಿ 1982ರಲ್ಲಿ ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆ ಶುರುವಾಯಿತು. ಅದೇ ಮಾದರಿಯ ಸಂಸ್ಥೆ ನಮ್ಮ ಜಿಲ್ಲೆಯ ಹಳಿಯಾಳದಲ್ಲೂ ಇದೆ. ಸ್ವಂತ ಉದ್ಯೋಗ ನಡೆಸುವುದು, ಲೆಕ್ಕ ಇಡುವುದು ಕಲಿಸುತ್ತಾರೆ. ಊಟ, ವಸತಿ ಸೇರಿ ಉಚಿತ. ಸಣ್ಣ ಉದ್ಯಮಕ್ಕೆ ಸರ್ಕಾರದ ‘ಉದ್ಯಮ್’ ನೋಂದಣಿಯೂ ಉಚಿತವೇ. ಅದಕ್ಕೆ ಸಾವಿರ ಕೊಡಿ, ಎರಡು ಸಾವಿರ ಕೊಡಿ ಎಂದು ಯಾರಾದರೂ ಬಂದರೆ ಚಾ ಕೊಟ್ಟು ಕಳಿಸಿ.

ಯಾವುದು ಮಾಡಬಾರದು?

ಗಿರಾಕಿ ಕೇಳಿದ್ದನ್ನೆಲ್ಲ ಅಂಟಿಸುವ ಹಾಗಿಲ್ಲ. ಗಾಡಿಯ ಬಣ್ಣ ಆರ್.ಸಿ. ಪುಸ್ತಕದಲ್ಲಿ ಬರೆದಿರುತ್ತದೆ. ಬಿಳಿ ಕಾರಿಗೆ ಪೂರ್ತಿ ಕೆಂಪು ಹಾಳೆ ಹೊದಿಸಿದರೆ ಪುಸ್ತಕವೇ ಒಂದು, ಗಾಡಿಯೇ ಒಂದು ಆಗುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಇದನ್ನೇ ಹೇಳುತ್ತದೆ. ಮೊದಲು ಆರ್.ಟಿ.ಓ. ಕಚೇರಿಯಲ್ಲಿ ಕೇಳಿ, ಆರ್.ಸಿ.ಯಲ್ಲಿ ಹೊಸ ಬಣ್ಣ ಬರೆಸಿಕೊಳ್ಳಲು ಗಿರಾಕಿಗೆ ಹೇಳಬೇಕು. ನಂಬರ್ ಪ್ಲೇಟನ್ನು ಸ್ಟಿಕ್ಕರಿನಲ್ಲಿ ಮಾಡಿ ಕೊಡಬಾರದು. ಪೊಲೀಸರಲ್ಲದವರ ಬೈಕಿಗೆ ‘ಪೊಲೀಸ್’ ಎಂದು ಅಂಟಿಸಿ ಕೊಡುವುದೂ ಬೇಡ, ಅವರ ಜೊತೆ ನೀವೂ ಠಾಣೆಗೆ ಹೋಗಬೇಕಾದೀತು.

ಕಾರಿನ ಗಾಜಿಗೆ ಕಪ್ಪು ಹಾಳೆ ಹಾಕುವುದನ್ನು ಸುಪ್ರೀಂ ಕೋರ್ಟು 2012ರಲ್ಲಿ ನಿಷೇಧಿಸಿತು. ಗಾಜಿನ ನಿಯಮ ಆಮೇಲೆ ಸ್ವಲ್ಪ ಬದಲಾಗಿದೆ. ಆದರೂ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ನೂರಕ್ಕೆ 70 ಪಾಲು, ಪಕ್ಕದ ಗಾಜಿನಲ್ಲಿ 50 ಪಾಲು ಬೆಳಕು ದಾಟಲೇಬೇಕು. ಲಾರಿಗಳಿಗೆ ಹೊಳೆಯುವ ಪಟ್ಟಿ ಅಂಟಿಸುವ ಕೆಲಸ ಮಾತ್ರ ಒಳ್ಳೆಯ ಕೆಲಸ. ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕದಲ್ಲಿ ಹಳದಿ. ಬಣ್ಣ ಅದಲುಬದಲು ಆಗಬಾರದು. ರಾತ್ರಿ ಹೆದ್ದಾರಿಯ ಬದಿ ಕೆಟ್ಟು ನಿಂತ ಲಾರಿ ಹಿಂದಿನಿಂದ ಬರುವ ಬೈಕಿನವನಿಗೆ ಕಾಣುವುದು ಆ ಕೆಂಪು ಪಟ್ಟಿಯಿಂದಲೇ. ಅದಕ್ಕೆ ಅನುಮೋದನೆಯ ಗುರುತು ಇರುವ ಪಟ್ಟಿಯನ್ನೇ ತರಬೇಕು.

ಇನ್ನೊಂದು ಮಾತು, ಮನೆಯದು. ಉಳಿದ ವಿನೈಲ್ ಚೂರುಗಳನ್ನು ಬಚ್ಚಲ ಒಲೆಗೆ ಹಾಕಬೇಡಿ. ನಾವೆಲ್ಲ ಕೈಗೆ ಸಿಕ್ಕ ಪ್ಲಾಸ್ಟಿಕ್ಕನ್ನು ಸ್ನಾನದ ನೀರು ಕಾಸಲು ಉರಿಸುವವರೇ. ಇದು ಪಿ.ವಿ.ಸಿ. ಪ್ಲಾಸ್ಟಿಕ್. ಸುಟ್ಟರೆ ಬರುವ ಹೊಗೆ ಕಣ್ಣು, ಗಂಟಲು ಸುಡುತ್ತದೆ, ಎದೆಗೆ ಕೆಟ್ಟದ್ದು. ಚೀಲದಲ್ಲಿ ತುಂಬಿ ಕಸದ ಗಾಡಿಗೆ ಕೊಡಿ. ಸ್ಪಿರಿಟ್ ಬಾಟಲಿ ಒಲೆಯ ಹತ್ತಿರ ಇಡಬೇಡಿ. ಬ್ಲೇಡು ಮುರಿದರೆ ಡಬ್ಬಿಯೊಳಗೆ, ಮಕ್ಕಳ ಕೈಗೆ ಸಿಗದ ಹಾಗೆ.

ಮೊನ್ನೆ ಮಲ್ಲಿಗೆಯಕ್ಕ ತಮ್ಮ ಗಂಡನ ಆಟೋಕ್ಕೆ ಹೆಸರು ಹಾಕಿದರು. ಅದುವರೆಗೆ ಅದರ ಹಿಂದೆ ಏನೂ ಇರಲಿಲ್ಲ. ಏನು ಬರೆದಿದ್ದಾರೆ ಎಂದು ನಾನು ಹೇಳುವುದಿಲ್ಲ. ಭಟ್ಕಳದ ಸ್ಟ್ಯಾಂಡಿನಲ್ಲಿ ನಿಂತಿರುತ್ತದೆ, ಹೋಗಿ ಓದಿ.

ಅಭ್ಯಾಸ

1. ಜೋರಾಗಿ ಓದಿ, ಆಮೇಲೆ ಬರೆಯಿರಿ: ಹಾಳೆ, ಅಂಟು, ಅಳತೆ, ಕಂತು, ಮುಂಗಡ, ಒತ್ತಕ್ಷರ, ಹಿಂತಿರುಗಿಸಲಾಗುವುದಿಲ್ಲ.

2. ಒಂದು ಟೆಂಪೋಕ್ಕೆ ಹೆಸರು ಹಾಕಲು ಖರ್ಚು 240 ರೂಪಾಯಿ. ಗಿರಾಕಿ ಕೊಟ್ಟದ್ದು 400. ಐದು ಟೆಂಪೋ ಮಾಡಿದಿರಿ, ಒಂದು ಕೆಟ್ಟು ಮತ್ತೆ ಮಾಡಿದಿರಿ. ಕೈಯಲ್ಲಿ ಉಳಿದದ್ದು ಎಷ್ಟು?

3. ಮನೆಯಲ್ಲಿ ಸಾಲದ ಕಾಗದ, ಸಂಘದ ಪುಸ್ತಕ, ಚೀಟಿಯ ರಸೀದಿ ಯಾವುದಾದರೂ ಇದ್ದರೆ ತೆಗೆದು ಕೊನೆಯ ಸಣ್ಣ ಅಕ್ಷರದ ಸಾಲು ಓದಿ. ತಿಳಿಯದ ಪದವನ್ನು ಬರೆದುಕೊಂಡು ಬನ್ನಿ.

4. ಮುಂದಿನ ಪಾಠಕ್ಕೆ ಬರುವಾಗ ಐದು ಗಾಡಿಗಳ ಮೇಲೆ ಓದಿದ್ದನ್ನು ಬರೆದು ತನ್ನಿ. ತಪ್ಪು ಕಾಗುಣಿತ ಕಂಡರೆ ಅದನ್ನೂ ಬರೆಯಿರಿ.